ಕಿವಿ ಮುಟ್ಟಿದ ಕೈ

ನಮ್ಮ ಕಡೆ ಮೊನ್ನೆ ಮೊನ್ನೆಯವರೆಗೂ ಮಗುವಿನ ವಯಸ್ಸನ್ನು ಕೈಯಿಂದ ಅಳೆಯುತ್ತಿದ್ದರು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ, ಶಾಲೆಗೆ ಸೈ. ಬೇವೂರಿನ ಶಾಲೆಯಲ್ಲಿ ನನ್ನ ಬೆರಳು ಕಿವಿಗೆ ನಿಲುಕಲಿಲ್ಲ. ಹಿಂದೆ ನಿಂತಿದ್ದ ಅವ್ವ ಮಾಸ್ತರರ ಕಣ್ಣು ತಪ್ಪಿಸಿ ನನ್ನ ಕುತ್ತಿಗೆಯನ್ನು ತುಸು ವಾಲಿಸಿದಳು. ನಿಲುಕಿತು. ಹುಟ್ಟಿದ ತಾರೀಖು ಜೂನ್ ಒಂದು ಎಂದು ಬಿತ್ತು. ನಮ್ಮ ಅರ್ಧ ತರಗತಿ ಹುಟ್ಟಿದ್ದೇ ಜೂನ್ ಒಂದಕ್ಕೆ. ಈಗಲೂ ಆ ದಿನ ಫೋನಿಗೆ ಶುಭಾಶಯ ಬಂದರೆ ನನಗೆ ಸಿಟ್ಟು ಬರುತ್ತದೆ.

ಅಂಥ ನಾನು ಬಾಗಲಕೋಟೆಯಲ್ಲಿ ಎಲುಬು ನೋಡಿ ವಯಸ್ಸು ಹೇಳುವ ಡಾಕ್ಟರಮ್ಮನಾದೆ. ಮಕ್ಕಳ ಎಲುಬಿನ ಮುಂದೆ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ದೊಡ್ಡವರ ಎಲುಬು ಮುಗಿದ ಕೆಲಸ. ಮಕ್ಕಳದು ಹಾಗಲ್ಲ. ಎಲುಬಿನ ಕಾಂಡ ಬೇರೆ, ತುದಿ ಬೇರೆ. ನಡುವೆ ಮೆದುವಾದದ್ದೊಂದು ಇನ್ನೂ ಬೆಳೆಯುತ್ತಿರುತ್ತದೆ. ವರ್ಷ ಕಳೆದಂತೆ ಒಂದೊಂದೇ ತುದಿ ಬೆಸೆದುಕೊಳ್ಳುತ್ತದೆ. ಮೊಣಕೈಯದು ಬೇಗ, ಭುಜದ್ದು ತಡ. ಯಾವುದು ಕೂಡಿದೆ, ಯಾವುದಕ್ಕೆ ಇನ್ನೂ ಕಾಲವಿತ್ತು ಎಂದು ಬೆರಳಲ್ಲಿ ತಡವುತ್ತ ಕೂತಿರುತ್ತೇನೆ. ಅಷ್ಟರಲ್ಲಿ ಕಿಟಕಿಯ ಬಿಸಿಲು ಮೇಜನ್ನು ದಾಟಿ ಗೋಡೆ ಹತ್ತಿರುತ್ತದೆ, ಚಹಾ ಆರಿರುತ್ತದೆ.

ಒಂದು ಬೇಸಿಗೆಯಲ್ಲಿ ಮಲಪ್ರಭೆ ಬತ್ತಿದಾಗ ಐಹೊಳೆಯ ಹತ್ತಿರ ದಂಡೆಯ ಮಣ್ಣಲ್ಲಿ ಒಂದು ಮಗುವಿನ ಎಲುಬು ಸಿಕ್ಕವು. ಆ ವಯಸ್ಸಿನಲ್ಲಿ ಹೆಣ್ಣೋ ಗಂಡೋ ಎಂದು ಎಲುಬು ಖಾತ್ರಿಯಾಗಿ ಹೇಳುವುದಿಲ್ಲ. ಮೊಣಕೈಯ ತುದಿ ಕೂಡಿರಲಿಲ್ಲ. ಸೊಂಟದ ಗುಣಿಯಲ್ಲಿ ಸೇರಬೇಕಾದ ಮೂರು ಎಲುಬುಗಳೂ ಬಿಡಿಬಿಡಿಯಾಗಿದ್ದವು. ಹನ್ನೊಂದರಿಂದ ಹದಿಮೂರು ಎಂದು ಬರೆದೆ.

ಹುನಗುಂದ ಕಡೆಯ ಕುರಿಗಾರರ ಹೆಣ್ಣುಮಗಳೊಬ್ಬಳನ್ನು ಹವಾಲ್ದಾರರು ಕರೆತಂದರು. ಹಣೆ ತುಂಬ ಬೀರಪ್ಪ ದೇವರ ಭಂಡಾರದ ಅರಿಸಿನ. ಮೂರು ವರ್ಷದ ಹಿಂದೆ ಶಿವಯೋಗ ಮಂದಿರದ ಆಚೆ ಹಿಂಡು ತರುಬಿ ಬೀಡುಬಿಟ್ಟಿದ್ದಾಗ, ಹೊಳೆ ತುಂಬಿ ಬಂದ ದಿನ, ಶಾಲೆಯ ರಜೆಗೆ ಬಂದಿದ್ದ ಅವಳ ಮಗಳು ಮರಿ ಹುಡುಕಲು ಹೋದವಳು ತಿರುಗಿ ಬಂದಿರಲಿಲ್ಲ. ಹವಾಲ್ದಾರರು ಶಾಲೆಯ ದಾಖಲೆ ತೆಗೆದು ಲೆಕ್ಕ ಹಾಕಿದರು. ಕಾಣೆಯಾದಾಗ ಹುಡುಗಿಗೆ ಹದಿನಾಲ್ಕು ತುಂಬಿತ್ತು. ವಯಸ್ಸು ಹೊಂದುವುದಿಲ್ಲ, ಇದು ನಿನ್ನ ಮಗಳಲ್ಲ, ಇನ್ನು ಡಿಎನ್‌ಎ ಪರೀಕ್ಷೆಗೆ ರಕ್ತ ಕೊಡುವ ಗೋಜೂ ಬೇಡ ಎಂದರು.

ಆಕೆಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ತನ್ನ ಮಗಳನ್ನು ಯಾರೋ ಪುಣ್ಯವಂತರು ಇಟ್ಟುಕೊಂಡಿದ್ದಾರೆ, ಎಲ್ಲೋ ಉಂಡುಟ್ಟು ಇದ್ದಾಳೆ ಎಂದು ನನಗೇ ಸಮಾಧಾನ ಹೇಳುವವಳಂತೆ ಹೇಳಿದಳು. ಕಣ್ಣೊರೆಸಿಕೊಂಡು ಎದ್ದಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮೇಜಿನ ಮೇಲಿದ್ದ ಶಾಲೆಯ ಕಾಗದ ನೋಡಿದೆ. ಜೂನ್ ಒಂದು.

"ಅವ್ವಾ, ಈ ತಾರೀಖು ಯಾರು ಬರಿಸಿದ್ರು?" ಎಂದೆ.

ಆಕೆ ಬಾಗಿಲಲ್ಲೇ ನಿಂತಳು. ನನ್ನನ್ನು ನೋಡಿದಳು, ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯನ್ನು ನೋಡಿದಳು. ಕುರಿಯ ಹಲ್ಲು ಎಣಿಸಿ ವಯಸ್ಸು ಹೇಳುವ ಮನೆತನದವಳು; ನಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೂನ್ ಒಂದೇ ಖರೆ ಎಂದುಬಿಟ್ಟಿದ್ದರೆ ಮಗಳು ಎಲ್ಲೋ ಉಳಿದಿರುತ್ತಿದ್ದಳು. ಹಾಗೇ ಹೇಳಲಿ ಎಂದು ನನ್ನ ಮನಸ್ಸು ಒಳಗೊಳಗೇ ಬೇಡಿಕೊಂಡಿತು.

ಆಕೆ ಬಲಗೈ ಎತ್ತಿ ತಲೆಯ ಮೇಲಿಂದ ತಂದು ಎಡಗಿವಿ ಹಿಡಿದಳು.

"ಕೈ ನಿಲುಕಲಿಲ್ರಿ. ಕುತ್ತಿಗಿ ವಾಲಿಸಿ ನಾನ ಮುಟ್ಟಿಸಿದೆ. ಆರಂತ ಬರಕೊಂಡ್ರು. ಖರೇವಂದ್ರ ಆಕಿಗೆ ಆಗ ನಾಕ ತುಂಬಿದ್ದು."

ಕುರಿಯ ಬೆನ್ನು ಹತ್ತಿ ಊರೂರು ತಿರುಗುವವರು. ಕೂಸು ಅಜ್ಜಿಯ ಹತ್ತಿರ ಉಳಿದು ಶಾಲೆಯಲ್ಲಿ ಬಿಸಿಯೂಟ ಉಣ್ಣಲಿ ಎಂದು ಹಾಗೆ ಮಾಡಿದ್ದಳಂತೆ. ಹದಿನಾಲ್ಕರಲ್ಲಿ ಎರಡು ಕಳೆದರೆ ಹನ್ನೆರಡು. ಹವಾಲ್ದಾರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವತ್ತೇ ಆಕೆಯ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದೆವು.

ನಾನು ಮನೆಗೆ ಹೋಗಿ ಅತ್ತೆ. ನನ್ನ ಅವ್ವನ ಬೆರಳು ಇನ್ನೂ ನನ್ನ ಕುತ್ತಿಗೆಯ ಮೇಲಿದ್ದಂತೆ ಅನ್ನಿಸುತ್ತಿತ್ತು. ಒಂದೇ ಸುಳ್ಳು, ಇಬ್ಬರು ತಾಯಂದಿರು. ನಾನು ಮಾತ್ರ ಬೆಳೆದೆ. ನನ್ನ ಎಲುಬೆಲ್ಲ ಯಾವಾಗಲೋ ಕೂಡಿ ಗಟ್ಟಿಯಾಗಿವೆ.

ಮಳೆಗಾಲ ಮುಗಿಯುವ ಹೊತ್ತಿಗೆ ವರದಿ ಬಂತು. ಅವಳ ಮಗಳೇ. ಎಲುಬು ಒಯ್ಯಲು ಆಕೆ ಕುಪ್ಪಸದ ಹೊಸ ಖಣ ತಂದಿದ್ದಳು. ಕಟ್ಟುವ ಮೊದಲು ತೋಳಿನ ಎಲುಬನ್ನು ಮಡಿಲಲ್ಲಿಟ್ಟುಕೊಂಡು, ಬಿಡಿಯಾಗಿದ್ದ ತುದಿಯನ್ನು ಅದಕ್ಕೆ ಹಚ್ಚಿ ನೋಡಿದಳು. ಸರಿಯಾಗಿ ಕೂತಿತು. ಕೈ ಬಿಟ್ಟರೆ ಜಾರುತ್ತಿತ್ತು; ಮತ್ತೆ ಹಚ್ಚುತ್ತಿದ್ದಳು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು.

ಕೊನೆಗೆ ನಾನು ಅಂತಿಮ ವರದಿಯ ಹಾಳೆ ತೆಗೆದೆ. ವಯಸ್ಸು ಬರೆಯುವ ಜಾಗಕ್ಕೆ ಬಂದಾಗ ನನ್ನ ಪೆನ್ನು ನಿಂತಿದ್ದನ್ನು ಆಕೆ ನೋಡಿದಳು.

"ಸಾಲ್ಯಾಗ ಸುಳ್ಳ ಬರಿಸೀನ್ರಿ ಅಕ್ಕಾರ," ಎಂದಳು. "ನೀವರೆ ಖರೇದ ಬರೀರಿ."

ಹನ್ನೆರಡು ಎಂದು ಬರೆದೆ.