ತಂಗಿಯ ಕೈಗೆ ಕೊಡದ ಕೂಸು

ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಅವಳನ್ನು ನನ್ನ ತಂಗಿಯ ಕೈಗೆ ಕೊಡಲಿಲ್ಲ. ಬಂದವರೆಲ್ಲ ಎತ್ತಿದರು. ಅವಳೊಬ್ಬಳನ್ನು ಬಿಟ್ಟೆ.

ಆಗ ನಾನು ಬಾಣಂತನಕ್ಕೆಂದು ಗಂಡನ ಮನೆ ಸಾವಳಗಿಯಿಂದ ಬನಹಟ್ಟಿಯ ತವರಿಗೆ ಬಂದಿದ್ದೆ. ತಂಗಿ ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಬೇಸಿಗೆ ರಜೆಯಲ್ಲಿ ಪುಣೆಯ ಒಂದು ಪ್ರಯೋಗಾಲಯಕ್ಕೆ ಕ್ಯಾನ್ಸರ್ ಸಂಶೋಧನೆಯ ಕೆಲಸ ಕಲಿಯಲು ಆಯ್ಕೆಯಾಗಿ ಹೋಗಿದ್ದಳು. ಅದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರಂತೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು. ಪೂರ್ತಿ ತಿಳಿಯದಿದ್ದರೂ ಕೂಸನ್ನು ನೋಡಲು ಬಂದವರಿಗೆಲ್ಲ ಅವಳ ಸುದ್ದಿಯನ್ನೇ ಹೇಳುತ್ತಿದ್ದೆ.

ಒಂದು ಸಂಜೆ ಅವಳ ಫೋನು ಬಂತು.

“ದಿನಾ ಅಲ್ಲೇನ ಮಾಡ್ತೀಬೇ?” ಎಂದೆ.

“ಕ್ಯಾನ್ಸರ್ ಬೆಳಸ್ತೇವಿ.”

“ಬೆಳಸ್ತೀರಿ?”

“ಹೂಂ. ಕ್ಯಾನ್ಸರ್ ಗಡ್ಡಿಯೊಳಗಿನ ಜೀವಕಣ ತಗದು ಸಣ್ಣ ಬಟ್ಟಲದಾಗ ಇಟ್ಟಿರ್ತಾರ. ನಾ ಅವಕ್ಕ ಗುಲಾಬಿ ಬಣ್ಣದ ನೀರ ಹಾಕ್ತೇನಿ. ಅದ ಅವುಗಳ ಊಟ. ಹೊತ್ತಿಗೆ ಸರಿಯಾಗಿ ಸಿಗಲಿಲ್ಲಂದ್ರ ನಿನ್ನ ಕೂಸಿನಂಗ ಹಟಾ ಮಾಡ್ತಾವು ನೋಡು.”

ಅವಳು ನಕ್ಕಳು. ನಾನು ಮಗ್ಗುಲಲ್ಲಿ ಮಲಗಿದ್ದ ಕೂಸಿನ ಮೇಲೆ ಕೈ ಇಟ್ಟುಕೊಂಡೆ.

ನಮ್ಮ ಅಜ್ಜಿಗೆ ಬಾಯಿಯ ಕ್ಯಾನ್ಸರ್ ಆಗಿದ್ದಾಗ ಅವಳ ತಾಟು, ಚರಗಿ ಬೇರೆ ಇಟ್ಟಿದ್ದರು. ನಮ್ಮನ್ನು ಅವಳ ಹಾಸಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಹಾಗೆ ಮಾಡಿ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಮನೆಯವರೇ ಅಂದುಕೊಂಡದ್ದು. ಆ ಹೆದರಿಕೆ ನನ್ನೊಳಗೆ ಹಾಗೇ ಉಳಿದಿತ್ತು.

ತೊಟ್ಟಿಲ ದಿನ ತಂಗಿ ರಜೆ ಕೇಳಿಕೊಂಡು ಪುಣೆಯಿಂದ ಬಂದಳು. ಜಳಕ ಮಾಡಿ, ಹೊಸ ಸೀರೆ ಉಟ್ಟು ತೊಟ್ಟಿಲ ಪಕ್ಕ ನಿಂತಳು. ನಮ್ಮಲ್ಲಿ ಹೆಸರಿಡುವ ಮೊದಲು ಹೆಂಗಸರು ತೊಟ್ಟಿಲ ಎರಡೂ ಕಡೆ ನಿಂತು, ಕೂಸನ್ನು ಅದರ ಕೆಳಗಿನಿಂದ, ಮೇಲಿನಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ಕೂಸು ನನ್ನ ಅತ್ತೆಯ ಕೈಗೆ ಬಂತು. ಮುಂದಿನವಳು ತಂಗಿ. ಎರಡೂ ಕೈ ಚಾಚಿದಳು.

“ಅಕಿಗಿ ಬ್ಯಾಡ್ರಿ,” ಎಂದೆ ಅತ್ತೆಗೆ. “ಬಸ್ಸಿನಾಗ ಬಂದು ದಣದಾಳ. ಆ ಕಡೆ ಕೊಡ್ರಿ.”

“ದಣಿಯಾಕ ಅದೇನ ಕಬ್ಬಿನ ಹೊರಿ ಏನವಾ?” ಎಂದಳು ಓಣಿಯ ಮುದುಕಿ. ಎಲ್ಲರೂ ನಕ್ಕರು. ಕೂಸು ತಂಗಿಯನ್ನು ದಾಟಿ ಹೋಯಿತು. ಚಾಚಿದ ಕೈಗಳನ್ನು ಅವಳು ಮೆಲ್ಲಗೆ ಸೆರಗಿನೊಳಗೆ ತೆಗೆದುಕೊಂಡಳು. ದಣಿವಿನ ಮಾತು ಬರೀ ನೆಪವೆಂದು ಅವಳಿಗೆ ತಿಳಿದಿತ್ತು. ಊಟ ಮುಗಿಸಿ ಸಂಜೆಯ ಬಸ್ಸಿಗೇ ಹೊರಟುಬಿಟ್ಟಳು.

ಆಮೇಲೆ ಅವಳ ಫೋನು ಅವ್ವನಿಗೆ ಮಾತ್ರ ಬರುತ್ತಿತ್ತು. “ಅಕ್ಕಗ ಕೊಡು” ಅನ್ನುತ್ತಿರಲಿಲ್ಲ. ಕೂಸಿನ ಫೋಟೊ ಕೇಳುತ್ತಿರಲಿಲ್ಲ. ನಾವು ಇಬ್ಬರೇ ಮಕ್ಕಳು. ಇರುವ ಒಬ್ಬ ತಂಗಿಯನ್ನು ಕಳೆದುಕೊಂಡೆನೇ ಎಂದು ಕೂಸಿಗೆ ಹಾಲೂಡಿಸುವಾಗೆಲ್ಲ ಅನ್ನಿಸುತ್ತಿತ್ತು. ಆದರೂ ನಾನಾಗಿ ಫೋನು ಮಾಡಲಿಲ್ಲ. ಏನಂತ ಮಾತು ಶುರು ಮಾಡಲಿ?

ರಜೆ ಮುಗಿಯುವ ಹೊತ್ತಿಗೆ ಅವಳು ಮನೆಗೆ ಬಂದಳು. ಯಾರೂ ಹೇಳದಿದ್ದರೂ ಅಂಗಳದ ನಳದ ಕೆಳಗೆ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡಳು. ನನ್ನ ಕೋಣೆಗೆ ಬರಲಿಲ್ಲ, ಪಡಸಾಲೆಯಲ್ಲೇ ಕೂತಳು. ಅಪ್ಪ ಮಗ್ಗ ನಿಲ್ಲಿಸಿ ಬಂದ. ಸುದ್ದಿ ಕೇಳಿ ಓಣಿಯ ಮುದುಕಿಯೂ ಬಂದಳು.

“ಏನಬೇ, ನಿಮ್ಮವ್ವ ತೋರಿಸಿದ ಫೋಟೊದಾಗ ಕೈಗೆ ರಬ್ಬರ ಚೀಲ ಹಾಕ್ಕೊಂಡ ನಿಂತಿದ್ದೆಲ್ಲ. ಮುಟ್ಟಿದ್ರ ಹತ್ತತೈತೇನ ಆ ರೋಗ?”

“ಇಲ್ಲಬೇ ಆಯಿ. ಮುಟ್ಟಿದ್ರ, ಕೂಡಿ ಉಂಡ್ರ ಯಾರಿಗೂ ಹತ್ತೂದಿಲ್ಲ. ಔಷಧ ಕೈಗೆ ತಾಗಬಾರದಂತ ಆ ಚೀಲ. ಮತ್ತ ಖರೆ ಹೇಳಬೇಕಂದ್ರ, ನಮ್ಮ ಕೈಯಿಂದಾನ ಆ ಕಣಕ್ಕ ಕೇಡು. ಒಂಚೂರು ಹೊಲಸ ಬಿದ್ರ ಬಟ್ಟಲ ಪೂರಾ ಕೆಡತೈತಿ. ನಾ ಒಂದ ಕೆಡಿಸಿ ಬೈಸ್ಕೊಂಡೇನಿ.”

“ಅಂದ್ರ ಕ್ಯಾನ್ಸರಿಗೇ ನಿನ್ನ ಹೆದರಿಕಿ ಅನ್ನು!”

ಅಪ್ಪ ಗಟ್ಟಿಯಾಗಿ ನಕ್ಕ. ಬಾಗಿಲ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದ ನನ್ನ ಮೈ ಹಗುರಾಯಿತು. ಮಗಳಿಗೆ ಏನೂ ಆಗುವುದಿಲ್ಲ. ತಂಗಿಗೂ ಏನೂ ಆಗುವುದಿಲ್ಲ. ಎರಡನೆಯದು ಹೊಳೆದಾಗಲೇ ನಾಚಿಕೆಯೂ ಆಯಿತು. ಅವಳ ಕೈಗೆ ಇಷ್ಟು ಹೆದರಿದವಳು, ಅವಳಿಗೇನಾದೀತು ಎಂದು ಒಂದು ದಿನವೂ ಹೆದರಿರಲಿಲ್ಲ.

ಹೊರಗೆ ಬಂದು ಕೂಸನ್ನು ಅವಳ ಮುಂದೆ ಹಿಡಿದೆ.

“ಬ್ಯಾಡಕ್ಕಾ,” ಎಂದಳು, ನನ್ನನ್ನು ನೋಡದೆ. “ಬಸ್ಸಿನಾಗ ಬಂದು ದಣದೇನಿ.”

ನಾನು ಕೂಸನ್ನು ಅವಳ ಮಡಿಲಲ್ಲಿ ಇಟ್ಟೇಬಿಟ್ಟೆ. ಜಾರದಂತೆ ಅವಳು ಹಿಡಿಯಲೇಬೇಕಾಯಿತು. ಹಿಡಿದ ಮೇಲೆ ಬಿಡಲಿಲ್ಲ.

“ತಪ್ಪಾತವಾ,” ಎಂದೆ, ಮನೆಯವರಿಗೂ ಆ ಮುದುಕಿಗೂ ಕೇಳುವಂತೆ. “ಅವತ್ತ ನೀ ದಣದಿದ್ದಿಲ್ಲ. ನಾನ ಹೆದರಿದ್ದೆ. ನಿನಗೊಂದ ಮಾತ ಕೇಳಬೇಕಾಗಿತ್ತು, ಕೇಳಲಿಲ್ಲ. ನಾಕ ಮಂದ್ಯಾಗ ನಿನ್ನ ಕೈ ಖಾಲಿ ಬಿಟ್ಟೆ. ತಪ್ಪಾತು ತಂಗಿ.”