ರಾವುತಪ್ಪನ ಬಲದಂಡೆ

ಹೂವಿನ ಹಿಪ್ಪರಗಿಯ ಚಹಾದಂಗಡಿಗೆ ಬಂದ ಯಾರನ್ನೂ, ಅವರ ಕಿವಿಯನ್ನು ತನ್ನ ಎದೆಗೆ ಒತ್ತಿಕೊಳ್ಳದೆ, ರಾವುತಪ್ಪ ಬಿಟ್ಟವನಲ್ಲ. ‘ಕೇಳ್ರಿ, ಒಳಗ ಮೋಟಾರ್ ನಡದೈತಿ!’ ಎರಡು ಸಾವಿರದ ಒಂಬತ್ತರಲ್ಲಿ ದೊಡ್ಡ ಊರಿನ ವೈದ್ಯರು ಅವನ ಸೋತ ಹೃದಯದ ಎಡಭಾಗಕ್ಕೆ ಪಂಪು ಕೂಡಿಸಿ ಕಳಿಸಿದಂದಿನಿಂದ ಆಲಮಟ್ಟಿ ಕಾಲುವೆಯ ಈ ನಿವೃತ್ತ ಗೇಟಿನವನು ಹಿಗ್ಗಿ ಹೀರೇಕಾಯಿಯಾಗಿದ್ದಾನೆ. ಹೆಗಲ ಚೀಲದಲ್ಲಿ ಬ್ಯಾಟರಿ. ಕರೆಂಟು ಹೋದರೆ ಅದನ್ನು ಚಾರ್ಜ್ ಮಾಡಲು ಊರೇ ಓಡಿ ಹಿಟ್ಟಿನ ಗಿರಣಿಯ ಜನರೇಟರ್ ಚಾಲೂ ಮಾಡಿಸುತ್ತದೆ. ಪಂಪು ರಕ್ತವನ್ನು ಬಡಿತವಿಲ್ಲದೆ ಒಂದೇ ಸಮನೆ ಹರಿಸುವುದರಿಂದ ಮುಂಗೈಯಲ್ಲಿ ನಾಡಿ ಸಿಗದೆ ಕಂಪೌಂಡರು ‘ಹೋದ್ರು!’ ಎಂದು ಕೂಗಿದರೆ, ‘ಎಲ್ಲಿಗಿ ಹೋಗ್ಲಿರಿ? ಇನ್ನಾ ಚಹಾನ ಬಂದಿಲ್ಲ!’ ಎನ್ನುವ ಆಸಾಮಿ. ಹೃದಯದ ಬಲಭಾಗಕ್ಕೆ ಮಾತ್ರ ಮೋಟಾರಿಲ್ಲ. ಕಾಲುವೆಯ ಭಾಷೆಯಲ್ಲಿ ಅದಕ್ಕೆ ಅವನಿಟ್ಟ ಹೆಸರು ಬಲದಂಡಿ. ‘ಬಲದಂಡಿ ನೀರ ತಂದ ಕೊಡಬೇಕು, ಮೋಟಾರ್ ಎತ್ತಬೇಕು. ಬಲದಂಡಿ ಸೋತರ ನೀರೆಲ್ಲಾ ಕಾಲಾಗ ನಿಲ್ತೈತಿ, ಮೋಟಾರ್ ಖಾಲಿ ತಿರಗತೈತಿ,’ ಎಂದು ಪಾಠ ಹೇಳುತ್ತಾನೆ. ಅದಕ್ಕೇ ಹೆಂಡತಿ ಸುಮಿತ್ರಾಬಾಯಿ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ನೋಡುತ್ತಾಳೆ. ಕುಳಿ ಬೀಳದಿದ್ದರೆ ‘ಬಲದಂಡಿ ಬರಾಬರಿ ಐತಿ!’ ಎಂದು ಅವನ ಕೂಗು ಓಣಿಗೆಲ್ಲ ಕೇಳುತ್ತದೆ. ಮೊನ್ನೆ ನಾನೂ ನಿಂತು ನೋಡಿದೆ. ಅವಳು ಬೆರಳು ತೆಗೆದಳು; ಕುಳಿ ಹಾಗೇ ಉಳಿಯಿತು. ಆಮೇಲೆ ಅವನು ಧೋತರ ಕೆಳಗೆ ಜಗ್ಗಿ, ಅವಳ ಕಿವಿಯನ್ನು ಎದೆಗೆ ಒತ್ತಿಕೊಂಡು, ಎಂದಿಗಿಂತ ಜೋರಾಗಿ ಕೂಗಿದ: ‘ಕೇಳ, ಮೋಟಾರ್ ನಡದೈತಿ!’