ಔಟಾದ ಮೇಲೂ ಬಿಡದ ಕೈ

ಸೀಟಿ ಊದಿದ ಮೇಲೂ ಗಂಗಕ್ಕ ನನ್ನ ತೋಳು ಬಿಡಲಿಲ್ಲ. ಮಣ್ಣಿನಲ್ಲಿ ಬಿದ್ದಲ್ಲೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಸಂಕ್ರಾಂತಿಯ ಮಧ್ಯಾಹ್ನ ಬೆಂಗೇರಿಯ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದೆವು. ಎದುರು ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ದೂರದಲ್ಲಿ ನಿಂತು ನೋಡುತ್ತಿದ್ದ ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟರು. ಕಾಲೇಜಿನಲ್ಲಿ ಆಡಿದವರು. ಆದರೆ ಕೊರೊನಾದಲ್ಲಿ ಗಂಡ ತೀರಿಕೊಂಡ ಮೇಲೆ ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಇಷ್ಟು ವರ್ಷವಾದರೂ ಮಾತೆಲ್ಲ ಗೇಟಿನಾಚೆಯಿಂದಲೇ. ಹಬ್ಬದ ಕುಸುರೆಳ್ಳನ್ನೂ ನಾವು ಅವರ ಕಟ್ಟೆಯ ಮೇಲಿಟ್ಟು ಬರುತ್ತಿದ್ದೆವು.

'ಕಬಡ್ಡಿ ಕಬಡ್ಡಿ' ಎನ್ನುತ್ತ ನಮ್ಮ ಕಡೆ ನುಗ್ಗಿದ ಗಂಗಕ್ಕ ನನ್ನ ಭುಜ ಮುಟ್ಟಿ ಹಿಂದಿರುಗಿ ಓಡಿದರು. ಆಟದ ಭರದಲ್ಲಿ ನಾನು ಎಲ್ಲ ಮರೆತು ಅವರ ಸೊಂಟ ಹಿಡಿದೆ. ಉಳಿದವರೂ ಬಂದು ಮುತ್ತಿಕೊಂಡರು. ಎಲ್ಲರೂ ಒಟ್ಟಿಗೇ ಬಿದ್ದೆವು. ಗೆರೆ ಮುಟ್ಟುವ ಮೊದಲೇ ಅವರ ದಮ್ಮು ಮುಗಿಯಿತು. ಎಲ್ಲರೂ ಎದ್ದು ಮಣ್ಣು ಕೊಡವಿಕೊಳ್ಳುವಾಗ ಯಾರನ್ನು ಹಿಡಿದಿದ್ದೇನೆಂದು ನನಗೆ ಒಮ್ಮೆಲೇ ಅರಿವಾಗಿ ಕೈ ಸಡಿಲಿಸಿದೆ.

"ತಪ್ಪಾತ್ರಿ ಅಕ್ಕಾರ, ಲಕ್ಷ್ಯಾನ ಇರಲಿಲ್ಲ," ಎಂದೆ.

"ಬಿಡಬ್ಯಾಡವಾ, ಇನ್ನೊಂದೀಟು ಹಿಡ್ಕೋ," ಎಂದರು ಮೆಲ್ಲಗೆ. "ಅವರು ಹೋದ ಮ್ಯಾಲೆ ನನ್ನ ಯಾರೂ ಮುಟ್ಟೇ ಇಲ್ಲ."

ಸಂಜೆ ಕುಸುರೆಳ್ಳು ತೆಗೆದುಕೊಂಡು ಹೋದಾಗ ಅವರ ಗೇಟು ತೆರೆದಿತ್ತು. ಗಂಗಕ್ಕ ಕಟ್ಟೆಯ ಕಡೆ ತೋರಿಸದೆ ಅಂಗೈ ಚಾಚಿದರು. ನಾನು ಎಳ್ಳು ಹಾಕಿ, ಆ ಕೈಯನ್ನು ಮುಚ್ಚಿ, ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಈ ಸಲ ಅವರು ಹೇಳಬೇಕಾಗಲಿಲ್ಲ.